ಮಂಗಳವಾರದ ಪಾಳಿ

ಡಂಡೀ ಊರಲ್ಲಿ, ಟೇ ಹೊಳೆ ಕಡಲಿಗೆ ಬಾಯಿ ತೆರೆಯುವಲ್ಲಿ,
ಅರವತ್ತೆರಡು ಮೆಟ್ಟಿಲು ಹತ್ತಿ ಹೋದೆ.
ಎಣಿಸುವುದು ನನ್ನ ಕಸುಬು.
ಕಲ್ಲಿನ ಮೆಟ್ಟಿಲು, ನಡುವೆ ತಗ್ಗು,
ನೂರು ವರ್ಷದ ಬೂಟುಗಳು ನೆಕ್ಕಿದ ಹಾಗೆ.

ಬಾಗಿಲು ತೆಗೆದವಳು ಎಫೀ ಗೌರ್ಲೆ, ಎಂಬತ್ತೆಂಟು.
ಸೆಣಬಿನ ಮಿಲ್ಲಿನ ಮಗ್ಗಗಳು
ಮೂವತ್ತು ತುಂಬುವುದರೊಳಗೆ ಕಿವಿ ತಿಂದಿದ್ದವು.
ನನ್ನ ಕುತ್ತಿಗೆಯ ಬಿಲ್ಲೆ ಓದಿದಳು:
ಆಕ್ಯುಪೇಷನಲ್ ಥೆರಪಿಸ್ಟ್.
"ಇಷ್ಟುದ್ದ ಹೆಸರಿಟ್ಟುಕೊಂಡು ಬರೀ ಟೇಪು ತಂದಿದ್ದೀಯ?
ಬಾಯಿ ಈ ಕಡೆ ಇಟ್ಟು ಮಾತಾಡು.
ಗೋಡೆಗೆ ಹೇಳಿದ್ದು ಗೋಡೆಗೇ ಆಯ್ತು."

ಚಹಾ ಮಾಡಿ ತೋರಿಸಿ ಅಂದೆ.
ಕುಡಿಯಲಿಕ್ಕಲ್ಲ, ನೋಡಲಿಕ್ಕೆ:
ಕೆಟಲ್ ಎತ್ತುವಾಗ ಮಣಿಕಟ್ಟು ಏನನ್ನುತ್ತದೆ,
ತಿರುಗುವಾಗ ಪಾದ ಯಾರನ್ನು ಕೇಳುತ್ತದೆ.
ಅವಳಿಗೆ ಗೊತ್ತಾಯಿತು.
ಸಿಂಕಿನ ಅಂಚು, ಕುರ್ಚಿಯ ಬೆನ್ನು, ಬಾಗಿಲ ಚೌಕಟ್ಟು,
ಹೊಳೆಯ ಕಲ್ಲಿಂದ ಕಲ್ಲಿಗೆ ದಾಟುವವಳಂತೆ ದಾಟಿ
ತುಳುಕಿಸದೆ ತಂದಿಟ್ಟಳು.
"ಎಷ್ಟು ಅಂಕ?"

ಫಾರಮ್ಮಿನಲ್ಲಿ ಒಂಬತ್ತನೇ ಪ್ರಶ್ನೆ:
ನಿಮ್ಮ ಕೈಲಿ ಏನಾಗಬೇಕು ಅಂತ ಆಸೆ?
ಜನ ಸ್ನಾನ ಅನ್ನುತ್ತಾರೆ. ಮೆಟ್ಟಿಲು ಅನ್ನುತ್ತಾರೆ.
ಒಬ್ಬ ಮುದುಕ, ಹಡಗು ಕಟ್ಟಿದವನು,
ಬೂಟಿನ ಲೇಸು ಅಂದು ಅತ್ತಿದ್ದ.
ಎಫೀ ಹೇಳಿದಳು: "ಮಂಗಳವಾರ ನನ್ನ ಪಾಳಿ."

ಹಿತ್ತಲ ಹುಲ್ಲಿನಲ್ಲಿ ನಾಲ್ಕು ಕಬ್ಬಿಣದ ಕಂಬ, ಒಂದು ಹಗ್ಗ.
ಮನೆ ಎಂಟು, ದಿನ ಆರು;
ಭಾನುವಾರ ದೇವರ ಕಣ್ಣೆದುರು ಯಾರೂ ಒಳಬಟ್ಟೆ ಹರವುವುದಿಲ್ಲ.
ಐವತ್ತೊಂದು ವರ್ಷ ಅವಳ ದುಪ್ಪಟಿಗಳು
ಕಡಲ ಗಾಳಿ ಕುಡಿದವು.
ಹದಿನಾಲ್ಕು ತಿಂಗಳಿಂದ
ಸ್ನಾನದ ತೊಟ್ಟಿಯ ಮೇಲೆ ತೊಟ್ಟಿಕ್ಕುತ್ತಿವೆ.

ವಸತಿ ಸಲಹೆಯ ಲೆನಾಕ್ಸ್ ಬಂದ. ಏದುಸಿರು. ಕಡತ.
ಊರಾಚೆ ಹೊಸ ಕಟ್ಟಡವಿದೆ: ಲಿಫ್ಟು,
ಬಿದ್ದರೆ ಎಳೆಯಲು ಕೆಂಪು ದಾರ,
ಬಟ್ಟೆ ಒಣಗಿಸುವ ಯಂತ್ರ.
"ಯಂತ್ರ ಸಾಕಾಗಿದೆ ನನಗೆ."
ಇಲ್ಲವೆಂದರೆ ಇದೇ ಮೆಟ್ಟಿಲ ಬುಡದಲ್ಲೊಂದು ಮನೆ,
ಜನವರಿಯಿಂದ ಖಾಲಿ. ವಿಟ್ಟೆಟ್ ಅಂತ ಒಬ್ಬರು
ತೀರಿಕೊಂಡರಲ್ಲ.

ಎಫೀ ಅವನ ತುಟಿ ಓದಿದಳು,
ಓದಲೇ ಇಲ್ಲವೆಂಬಂತೆ ಕಿಟಕಿ ನೋಡಿದಳು.

ನೆಟ್ಟಾ ವಿಟ್ಟೆಟ್.
ಒಂದೇ ಮಿಲ್ಲು, ಎದುರುಬದುರು ಮಗ್ಗ,
ಒಂದೇ ಮಂಗಳವಾರ, ಅರ್ಧರ್ಧ ಹಗ್ಗ.
ಒಂದು ದಿನ ಒಂದು ಕ್ಲಿಪ್ಪು
(ಯಾರದೆಂದು ಇವತ್ತಿಗೂ ಇತ್ಯರ್ಥವಾಗಿಲ್ಲ),
ಅಲ್ಲಿಂದ ಮೂವತ್ತು ವರ್ಷ ಮಾತಿಲ್ಲ.
ಮಾತೆಂದರೂ ಮಗ್ಗದ ಹೆಂಗಸರ ಕೈಸನ್ನೆ, ಅದೂ ನಿಂತಿತು.

"ಬರೀ ನೋಡೋಕೆ" ಎಂಬ ಷರತ್ತಿನ ಮೇಲೆ ಇಳಿದಳು.
ಇಳಿಯಲು ಇಪ್ಪತ್ತಾರು ನಿಮಿಷ.
ಖಾಲಿ ಮನೆ. ತೇವದ ವಾಸನೆ. ಗೋಡೆಯ ಕಾಗದದ ತುಂಬ
ಬಣ್ಣ ಹೋದ ಗುಲಾಬಿ.
ಬಚ್ಚಲ ಹೊಸ್ತಿಲ ಬಳಿ ಹಿಡಿಕೆ ಎಲ್ಲಿ ಹಾಕಿಸಲಿ ಎಂದು
ಟೇಪು ಬಿಚ್ಚಿದೆ.

ಅಲ್ಲಿ ಮೊದಲೇ ಇತ್ತು:
ಒಂದು ಗುಲಾಬಿಯ ಮೇಲೆ ಅಂಗೈಯಗಲ ಜಿಡ್ಡು.
ದಿನವೂ ಒಂದೇ ಕಡೆ ಊರಿ ಊರಿ
ಕಾಗದ ಚರ್ಮದ ಹಾಗೆ ಮಿರುಗುತ್ತಿತ್ತು.
ಯಾರೂ ಬಂದು ಅಳೆಯದ ಮನೆಯಲ್ಲಿ
ತಾನೇ ಅಳೆದುಕೊಂಡಿದ್ದಳು ನೆಟ್ಟಾ.

ನಾನು ಬಾಯಿ ತೆರೆಯುವ ಮುಂಚೆ
ಎಫೀಯ ಕೈ ಅದರ ಮೇಲಿತ್ತು.
ಕೂತಿತು, ಮುಚ್ಚಳ ಕೂತ ಹಾಗೆ.
"ಕುಳ್ಳಿ ಅಂತ ಆಡಿಕೊಳ್ತಿದ್ದೆ" ಅಂದಳು ಗೋಡೆಗೆ.
"ನಾನೂ ಇಷ್ಟೇ."

ಪೆನ್ಸಿಲ್ಲಿನಿಂದ ಗುರುತು ಹಾಕಿದೆ.
ಬಡಗಿ ಸೋಮವಾರ ಬಂದ; ಡ್ರಿಲ್ಲಿನ ಸದ್ದನ್ನು
ಅಂಗೈಯಿಂದ ಕೇಳುತ್ತ ನಿಂತಿದ್ದಳಂತೆ.

ಮೇ ತಿಂಗಳಲ್ಲಿ ಮತ್ತೆ ಹೋದೆ, ಕಡತ ಮುಚ್ಚಲು.
ಮೂರು ಮೆಟ್ಟಿಲು, ಎರಡೂ ಕಡೆ ಕಂಬಿ, ಆಮೇಲೆ ಹುಲ್ಲು.
ಹಗ್ಗದ ಅರ್ಧ ಮಾತ್ರ ತುಂಬಿತ್ತು.
ಉಳಿದರ್ಧ? ಕೇಳಿದೆ, ಮುಖ ಅವಳ ಕಡೆ ಇಟ್ಟೇ.

"ದುಪ್ಪಟಿ ಇರೋದೇ ಎರಡು," ಅಂದಳು
ಕ್ಲಿಪ್ಪು ಹುಡುಕುತ್ತ.